ಮಗಳ ‘ಪ್ರೊಫೈಲ್’ ಕಟ್ಟಲು ಕೊಟ್ಟ ನಾಲ್ಕೂವರೆ ಲಕ್ಷ

ಮಕ್ಕಳನ್ನು ಪದವಿಗೆ ಅಮೆರಿಕಕ್ಕೆ ಕಳಿಸುವ ಯೋಚನೆಯಲ್ಲಿರುವ ತಂದೆತಾಯಿಯರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಮಗನೋ ಮಗಳೋ ಈಗ ಒಂಬತ್ತು, ಹತ್ತನೇ ತರಗತಿಯಲ್ಲಿದ್ದು, ‘ಪ್ರೊಫೈಲ್ ಬಿಲ್ಡಿಂಗ್’ ಎಂಬ ಮಾತು ಈಗಷ್ಟೇ ಮನೆಯೊಳಗೆ ಕಾಲಿಟ್ಟಿದ್ದರೆ ಖಂಡಿತ ಓದಿ. ಪ್ರೊಫೈಲ್ ಬಿಲ್ಡಿಂಗ್ ಅಂದರೆ ಅರ್ಜಿಯಲ್ಲಿ ತೋರಿಸಲು ಅಂಕದಾಚೆಯ ಸಾಧನೆಗಳನ್ನು ಕೂಡಿಹಾಕುವುದು. ಅದನ್ನು ದುಡ್ಡಿಗೆ ಮಾಡಿಕೊಡುವ ಸಲಹಾ ಸಂಸ್ಥೆಯೊಂದಕ್ಕೆ ನಾವು ಹೋಗಿದ್ದೆವು. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ಅದೊಂದನ್ನು ಬಿಟ್ಟು ಪಕ್ಕದ ಕಟ್ಟಡದಲ್ಲಿರುವ ಇನ್ನೊಂದಕ್ಕೆ ಹೋಗುತ್ತೀರಿ. ಅಲ್ಲಿ ನಡೆಯುವುದೂ ಇದೇ.

ಮಗಳು ಹತ್ತನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ನಾವು ಅಲ್ಲಿಗೆ ಹೋದೆವು. ಎ.ಸಿ. ಕೋಣೆ, ಗೋಡೆಯ ತುಂಬ ವಿಶ್ವವಿದ್ಯಾಲಯಗಳ ಬಾವುಟಗಳು. ಸಲಹೆಗಾರರು ಅಂಕಪಟ್ಟಿ ನೋಡಿ, “ಅಂಕ ಎಲ್ಲರಿಗೂ ಬರುತ್ತದೆ ಸರ್, ಇವಳ ಪ್ರೊಫೈಲ್‌ನಲ್ಲಿ ಏನೂ ಇಲ್ಲವಲ್ಲ” ಎಂದರು. ‘ಏನೂ ಇಲ್ಲ’ ಎಂಬ ಮಾತಿಗೆ ಹೆತ್ತವರು ಎಷ್ಟು ಹೆದರುತ್ತಾರೆಂಬ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮಗಳು ಮೆಲ್ಲಗೆ ತೀರ್ಥಹಳ್ಳಿಯ ತೋಟದ ಮಾತು ತೆಗೆದಳು. ನನ್ನ ಅಪ್ಪ ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರತಿದಿನದ ಮಳೆಯನ್ನು ಡೈರಿಯಲ್ಲಿ ಬರೆದಿಟ್ಟವರು. ಮೃಗಶಿರ ಇಷ್ಟು, ಆರಿದ್ರ ಇಷ್ಟು, ಆಶ್ಲೇಷ ಇಷ್ಟು ಎಂದು ನಕ್ಷತ್ರದ ಲೆಕ್ಕದಲ್ಲಿ. ಮಗಳು ಎಂಟನೇ ತರಗತಿಯಿಂದ ರಜೆ ಬಂದಾಗಲೆಲ್ಲ ಅಲ್ಲಿಗೆ ಹೋಗಿ ಆ ಡೈರಿಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದಳು. ಯಾವ ವರ್ಷ ಅಡಿಕೆಗೆ ಕೊಳೆರೋಗ ಜೋರಾಗಿ ಬಂತು, ಅದಕ್ಕೆ ಎಷ್ಟು ಸಲ ಬೋರ್ಡೋ ದ್ರಾವಣ ಹೊಡೆಸಬೇಕಾಯಿತು, ಆಗ ಮಳೆ ಹೇಗಿತ್ತು ಎಂದು ತಾಳೆ ಹಾಕುತ್ತಿದ್ದಳು. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್ ಎಂದು ಅಡಿಕೆ ಮರ ಹತ್ತುವ ಕೊನೆಗಾರನ ಜೊತೆ ನಿಂತು ಕಲಿತಿದ್ದಳು. ಸಲಹೆಗಾರರು ನಕ್ಕರು. “ಅದು ಹವ್ಯಾಸ. ಅವರಿಗೆ ಬೇಕಾದದ್ದು ಲೀಡರ್‌ಶಿಪ್.” ನಾನೂ ತಲೆಯಾಡಿಸಿದೆ.

ಪ್ಯಾಕೇಜಿಗೆ ನಾಲ್ಕೂವರೆ ಲಕ್ಷ, ಅದರ ಮೇಲೆ ಶೇ 18ರ ಜಿಎಸ್‌ಟಿ. ಎರಡೂ ಸೇರಿ ಐದು ಲಕ್ಷ ಮೂವತ್ತೊಂದು ಸಾವಿರ, ಮೂರು ಕಂತು. ಅದರಲ್ಲಿ ಒಂದು ಎನ್‌ಜಿಒ, ಒಂದು ಸಂಶೋಧನಾ ಪ್ರಬಂಧ ಮತ್ತು ಎಲ್ಲ ಅರ್ಜಿಗಳ ಲೇಖನಗಳು. ಮದುವೆ ಊಟದ ಗುತ್ತಿಗೆಯ ಹಾಗೆ ಎಲ್ಲ ಅವರದೇ. ನಾವು ಬಂದು ಕೂತರೆ ಸಾಕು.

ಮೊದಲು ಎನ್‌ಜಿಒ. ಹದಿನಾರರ ಹುಡುಗಿ ಟ್ರಸ್ಟ್ ಪತ್ರಕ್ಕೆ ಸಹಿ ಹಾಕುವಂತಿಲ್ಲ. ಹಾಗಾಗಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ ಸಹಿ ಹಾಕಿದವರು ನಾನು ಮತ್ತು ನನ್ನ ಹೆಂಡತಿ. ಅರ್ಜಿಯಲ್ಲಿ ‘ಸಂಸ್ಥಾಪಕಿ’ ಆದವಳು ಮಗಳು. ಒಂದು ಶನಿವಾರ ಊರಾಚೆಯ ಸರ್ಕಾರಿ ಶಾಲೆಗೆ ಬ್ಯಾನರ್, ಫೋಟೊಗ್ರಾಫರ್, ನಾಲ್ಕು ಡಜನ್ ನೋಟ್‌ಬುಕ್ ಹೊತ್ತುಕೊಂಡು ಹೋದೆವು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆದದ್ದಾಯಿತು. ಹೊರಡುವಾಗ ಅಲ್ಲಿನ ಮೇಡಂ ಮಗಳನ್ನು ಕೇಳಿದರು: “ಮುಂದಿನ ತಿಂಗಳು ಬರುತ್ತೀಯೇನಮ್ಮಾ? ನಮ್ಮ ಮಕ್ಕಳಿಗೆ ಇಂಗ್ಲಿಷ್ ಓದಿಸುವವರಿಲ್ಲ.” ಮಗಳು ನನ್ನ ಮುಖ ನೋಡಿದಳು. ನಾನು ಕಾರಿನ ಕೀ ಹುಡುಕುವವನಂತೆ ಜೇಬು ತಡಕಿದೆ. ಕೆಲವು ತಿಂಗಳ ನಂತರ ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇನ್ನೆರಡು ಮಕ್ಕಳ ಎನ್‌ಜಿಒಗಳ ವೆಬ್‌ಸೈಟ್ ನೋಡಿದೆ. ಬಣ್ಣ ಬೇರೆ, ಹೆಸರು ಬೇರೆ. ‘ನಮ್ಮ ಧ್ಯೇಯ’ ಎಂಬ ಪುಟ ಮಾತ್ರ ಅಕ್ಷರಕ್ಕೆ ಅಕ್ಷರ ನಮ್ಮದೇ.

ಆಗಲಾದರೂ ಎದ್ದು ಬರಬೇಕಿತ್ತು. ಎರಡು ಕಂತು ಕಟ್ಟಿದ್ದೆನಲ್ಲ, ಬರಲಿಲ್ಲ.

ಇನ್ನು ಪ್ರಬಂಧ. ವಿಷಯವನ್ನೂ ಅವರೇ ಆರಿಸಿದರು: ಮಷಿನ್ ಲರ್ನಿಂಗ್ ಬಳಸಿ ಮಧುಮೇಹ ಪತ್ತೆ. ‘ಮಾರ್ಗದರ್ಶಕ’ರು ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಬಂದು ಅರ್ಧ ಗಂಟೆ ಮಾತಾಡಿ ಹೋಗುತ್ತಿದ್ದರು. ಕೊನೆಗೆ ಪ್ರಬಂಧ ಸಿದ್ಧವಾಗಿಯೇ ಬಂತು, ಮಗಳ ಹೆಸರು ಮೊದಲಿಗೆ. ಹನ್ನೆರಡು ಸಾವಿರ ರೂಪಾಯಿ ಪ್ರಕಟಣಾ ಶುಲ್ಕ ಕಟ್ಟಿದ ಒಂಬತ್ತನೇ ದಿನ ‘ಅಂತರರಾಷ್ಟ್ರೀಯ’ ನಿಯತಕಾಲಿಕವೊಂದರಲ್ಲಿ ಅಚ್ಚಾಯಿತು. ತಜ್ಞರ ಪರಿಶೀಲನೆಯೂ ಆ ಒಂಬತ್ತು ದಿನದೊಳಗೇ ಮುಗಿದಿತ್ತಂತೆ. ನಾನು ಅದನ್ನು ನೆಂಟರಿಗೆಲ್ಲ ಕಳಿಸಿ ಅಭಿನಂದನೆ ಸ್ವೀಕರಿಸಿದೆ.

ಬಣ್ಣ ಬಯಲಾದದ್ದು ದ್ವಿತೀಯ ಪಿಯುಸಿಯ ಅಕ್ಟೋಬರಿನಲ್ಲಿ. ಶಿಫಾರಸು ಪತ್ರವನ್ನು ಉಪನ್ಯಾಸಕರೇ ಬರೆದು ನೇರವಾಗಿ ಕಳಿಸಬೇಕು ಎಂಬುದು ನಿಯಮ. ಸಂಸ್ಥೆಯವರು ತಾವೇ ಪತ್ರ ಬರೆದು, “ಮೇಡಂ ಹೆಸರಿನಲ್ಲಿ ಹೊಸ ಇಮೇಲ್ ತೆರೆಯುತ್ತೇವೆ, ಅವರು ಒಪ್ಪಿಕೊಂಡರೆ ಸಾಕು” ಎಂದರು. ಮಗಳು ಆ ಪತ್ರವನ್ನೂ ಪ್ರಬಂಧವನ್ನೂ ಕಂಪ್ಯೂಟರ್ ಸೈನ್ಸ್ ಉಪನ್ಯಾಸಕಿಗೆ ಕೊಟ್ಟಳು. ಅಂದು ರಾತ್ರಿ ಅವರು ನನಗೆ ಫೋನ್ ಮಾಡಿದರು.

“ಸರ್, ನಿಮ್ಮ ಮಗಳ ಪ್ರಬಂಧ ಓದಿದೆ. 768 ಭಾರತೀಯ ಮಹಿಳೆಯರ ಮಾಹಿತಿ ಎಂದು ಬರೆದಿದೆ. ಇದು ‘ಪೀಮಾ ಇಂಡಿಯನ್ಸ್’ ಎಂಬ ಹಳೆಯ ದತ್ತಾಂಶ, ಕಲಿಯುವವರೆಲ್ಲ ಮೊದಲು ಕೈಯಾಡಿಸುವುದೇ ಅದರಲ್ಲಿ. ಪೀಮಾ ಅಂದರೆ ಅಮೆರಿಕದ ಅರಿಜೋನಾದ ಮೂಲನಿವಾಸಿಗಳು. ನಮ್ಮ ದೇಶದ ಹೆಂಗಸರಲ್ಲ. ಇದನ್ನು ಅವಳೇ ಬರೆದಳೇ?”

ಮಗಳನ್ನು ಕರೆದು ಕೇಳಿದೆ. ಪ್ರಕಟವಾದ ಮೇಲೆಯೇ ತಾನದನ್ನು ಓದಿದ್ದು, ಅದೂ ಅರ್ಧ ಎಂದಳು. ಅಳಲಿಲ್ಲ. “ನೀವು ಕೇಳಲೇ ಇಲ್ಲವಲ್ಲಪ್ಪಾ” ಎಂದಷ್ಟೇ ಅಂದಳು.

ಆ ರಾತ್ರಿ ಮೊದಲ ಬಾರಿಗೆ, ಅಮೆರಿಕದ ಹಲವು ಕಾಲೇಜುಗಳಿಗೆ ಒಂದೇ ಕಡೆ ತುಂಬುವ ‘ಕಾಮನ್ ಆ್ಯಪ್’ ಎಂಬ ಆನ್‌ಲೈನ್ ಅರ್ಜಿಯನ್ನು ನಾನೇ ತೆರೆಯಲು ಹೋದೆ. ಪಾಸ್‌ವರ್ಡ್ ನಮ್ಮ ಬಳಿ ಇರಲಿಲ್ಲ! ಮರುದಿನ ಜಗಳವಾಡಿ ಪಡೆದೆವು. ಅಲ್ಲಿ ಚಟುವಟಿಕೆಗಳಿಗೆ ಹತ್ತು ಜಾಗ. ಒಂದೊಂದರ ವಿವರಣೆಗೆ 150 ಅಕ್ಷರ. ಜೊತೆಗೆ ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದು ಬರೆಯಬೇಕು. ಹತ್ತನ್ನೂ ತುಂಬಿದ್ದರು. ಗಂಟೆಗಳನ್ನು ಕೂಡಿಸಿದೆ: ವಾರಕ್ಕೆ 61. ಕಾಲೇಜು ವಾರಕ್ಕೆ 45 ಗಂಟೆ, ದಿನಕ್ಕೆ ಎಂಟರಂತೆ ನಿದ್ದೆ 56. ವಾರದಲ್ಲಿ ಇರುವುದೇ 168 ಗಂಟೆ. ಊಟ, ಸ್ನಾನ, ಓದು, ಸಿಲ್ಕ್ ಬೋರ್ಡ್ ಜಂಕ್ಷನ್ ಎಲ್ಲಕ್ಕೂ ಸೇರಿ ನನ್ನ ಮಗಳಿಗೆ ಉಳಿದದ್ದು ಆರು ಗಂಟೆ. ದಿನಕ್ಕೆ ನೂರಾರು ಅರ್ಜಿ ನೋಡುವ ಕಚೇರಿಯವರಿಗೆ ಈ ಕೂಡಿಸುವ ಲೆಕ್ಕ ಬರುವುದಿಲ್ಲ ಎಂದು ಸಂಸ್ಥೆಯವರು ನಂಬಿದ್ದರೋ ಏನೋ.

ಅರ್ಜಿಯ ಕೊನೆಯಲ್ಲಿ, ಬರೆದದ್ದೆಲ್ಲ ನಿಜ ಮತ್ತು ನನ್ನದೇ ಕೆಲಸ ಎಂದು ವಿದ್ಯಾರ್ಥಿ ಸಹಿ ಹಾಕಬೇಕು. ಸುಳ್ಳೆಂದು ಗೊತ್ತಾದರೆ ಪ್ರವೇಶ ಸಿಕ್ಕ ಮೇಲೂ ರದ್ದಾಗಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಂತೂ ಕೆಲವು ಅರ್ಜಿಗಳನ್ನು ಆರಿಸಿ ಬರೆದದ್ದಕ್ಕೆ ಪುರಾವೆ ಕೇಳುತ್ತದೆ. 2024ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಭಾರತದ ಹುಡುಗನೊಬ್ಬ, ಬದುಕಿರುವ ತಂದೆಯ ಮರಣಪತ್ರ ಸೃಷ್ಟಿಸಿ ಧನಸಹಾಯ ಪಡೆದದ್ದು ಬಯಲಾಗಿ ಕಾಲೇಜಿನಿಂದ ಹೊರಬಿದ್ದ. 2019ರಲ್ಲಿ ರಿಕ್ ಸಿಂಗರ್ ಎಂಬ ಅಮೆರಿಕದ ಸಲಹೆಗಾರನ ಹಗರಣ ಹೊರಬಂದಾಗ, ಆಟವೇ ಆಡದ ಮಕ್ಕಳನ್ನು ಫೋಟೊ ತಿದ್ದಿ ಕ್ರೀಡಾಪಟುಗಳೆಂದು ತೋರಿಸಿದ್ದು ಗೊತ್ತಾಯಿತು. ಅವನಿಗೆ 2023ರಲ್ಲಿ ಮೂರೂವರೆ ವರ್ಷ ಜೈಲಾಯಿತು. ಹಣ ಕೊಟ್ಟ ತಂದೆತಾಯಿಯರಲ್ಲೂ ಹಲವರು ಜೈಲು ಕಂಡರು. ದುಡ್ಡು ಕೊಟ್ಟು ಮಕ್ಕಳ ಪ್ರಬಂಧ ಅಚ್ಚು ಹಾಕಿಸುವ ಈ ದಂಧೆಯ ಬಗ್ಗೆಯೂ ಅಮೆರಿಕದ ಸುದ್ದಿಸಂಸ್ಥೆ ಪ್ರೊಪಬ್ಲಿಕಾ 2023ರಲ್ಲಿಯೇ ದೊಡ್ಡ ವರದಿ ಬರೆದಿತ್ತು. ಇದೆಲ್ಲ ನನಗೆ ಗೊತ್ತಾದದ್ದು ಆ ಅಕ್ಟೋಬರಿನಲ್ಲಿ, ಕೊನೆಯ ಕಂತನ್ನೂ ಕಟ್ಟಿದ ಮೇಲೆ.

ಟ್ರಸ್ಟ್, ಪ್ರಬಂಧ ಎರಡನ್ನೂ ಅರ್ಜಿಯಿಂದ ತೆಗೆದೆವು. ಪ್ರಬಂಧವನ್ನು ಹಿಂಪಡೆಯುತ್ತೇವೆ ಎಂದು ನಿಯತಕಾಲಿಕಕ್ಕೆ ಬರೆದರೆ, ಹಿಂಪಡೆಯುವ ಶುಲ್ಕ ಎಂಟು ಸಾವಿರ ಎಂದರು. ಅದನ್ನೂ ಕಟ್ಟಿದೆ. ಹತ್ತು ಜಾಗದಲ್ಲಿ ಐದು ಉಳಿದವು. ಮೊದಲನೆಯದರಲ್ಲಿ ಅಜ್ಜನ ಮಳೆ ಡೈರಿ ಬಂತು. ಅದನ್ನು 150 ಅಕ್ಷರಕ್ಕೆ ಇಳಿಸಲು ಮಗಳು ಒಂದು ಸಂಜೆಯಿಡೀ ಗುದ್ದಾಡಿದಳು. ಉಪನ್ಯಾಸಕಿ ತಮ್ಮದೇ ಪತ್ರ ಬರೆದು, ತಮ್ಮದೇ ಇಮೇಲ್‌ನಿಂದ ಕಳಿಸಿದರು.

ಏಳು ಕಾಲೇಜಿಗೆ ಹಾಕಿದಳು, ಎರಡು ಕರೆದವು, ಎರಡಕ್ಕೂ ಹಣ ಹೊಂದಲಿಲ್ಲ. ಈ ಹಣದ ವಿಷಯವನ್ನು ಎರಡು ವರ್ಷದಲ್ಲಿ ಸಲಹೆಗಾರರು ಒಮ್ಮೆಯೂ ಎತ್ತಿರಲಿಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್‌ನಂಥ ಬೆರಳೆಣಿಕೆಯ ಕಾಲೇಜುಗಳನ್ನು ಬಿಟ್ಟರೆ ಉಳಿದವುಗಳಲ್ಲಿ ಹಲವು ವಿದೇಶಿ ವಿದ್ಯಾರ್ಥಿಗೆ ಧನಸಹಾಯ ಬೇಕೇ ಎಂಬುದನ್ನೂ ನೋಡಿಯೇ ಪ್ರವೇಶ ತೀರ್ಮಾನಿಸುತ್ತವೆ. ಪ್ರೊಫೈಲ್‌ಗಿಂತ ಮೊದಲು ಕೂತು ಮಾತಾಡಬೇಕಾದದ್ದು ಇದು. ಮಗಳು ಈಗ ಬೆಂಗಳೂರಿನಲ್ಲೇ ಬಿ.ಎಸ್ಸಿ. ಓದುತ್ತಿದ್ದಾಳೆ.

ನೀವು ಇಂಥ ಕಡೆ ಹೋಗಲೇಬೇಕೆಂದಿದ್ದರೆ ಪಾಸ್‌ವರ್ಡ್ ಮಾತ್ರ ಯಾರಿಗೂ ಕೊಡಬೇಡಿ. ಶಿಕ್ಷಕರ ಹೆಸರಿನಲ್ಲಿ ಇಮೇಲ್ ತೆರೆಯುತ್ತೇವೆ ಎಂದ ಕ್ಷಣವೇ ಎದ್ದು ಬನ್ನಿ, ಎಷ್ಟು ಕಂತು ಕಟ್ಟಿದ್ದರೂ ಸರಿ. ಬಹಳಷ್ಟು ಕಾಲೇಜುಗಳು ‘ಕಾಮನ್ ಡೇಟಾ ಸೆಟ್’ ಎಂಬ ದಾಖಲೆಯನ್ನು ಬಿಟ್ಟಿಯಾಗಿ ಪ್ರಕಟಿಸುತ್ತವೆ. ಅದರ ಸಿ7 ಎಂಬ ಭಾಗದಲ್ಲಿ ಅಂಕ, ಲೇಖನ, ಚಟುವಟಿಕೆ ಇವುಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಎಂದು ಕಾಲೇಜೇ ಹೇಳಿರುತ್ತದೆ. ಅಮೆರಿಕದ ವಿದೇಶಾಂಗ ಇಲಾಖೆಯ ಎಜುಕೇಶನ್‌ಯುಎಸ್‌ಎ ಕೇಂದ್ರಗಳಲ್ಲಿ ಆರಂಭಿಕ ಸಲಹೆಗೆ ದುಡ್ಡಿಲ್ಲ.

ಹಣ ವಾಪಸ್ ಕೇಳಿದೆ. ಒಪ್ಪಂದದ ಹನ್ನೊಂದನೇ ಕಲಮು ತೋರಿಸಿದರು: ಯಾವ ಕಾರಣಕ್ಕೂ ಮರುಪಾವತಿ ಇಲ್ಲ, ಕೆಳಗೆ ನನ್ನ ಸಹಿ. ಮೊನ್ನೆ ಅಲ್ಲಿಂದ ಮತ್ತೆ ಫೋನ್ ಬಂದಿತ್ತು. ಹೊಸ ಹುಡುಗಿಯ ದನಿ, ಬಲು ವಿನಯ. ಮಗಳ ಸ್ನಾತಕೋತ್ತರ ಪ್ರವೇಶಕ್ಕೆ ಈಗಿನಿಂದಲೇ ಪ್ರೊಫೈಲ್ ಕಟ್ಟಲು ಆರಂಭಿಸಿದರೆ, ಹಳೆಯ ಗ್ರಾಹಕರೆಂದು ನಮಗೆ ಶೇ 20 ರಿಯಾಯಿತಿಯಂತೆ.