ಮಂಜರಾಬಾದಿನ ದೊರೆಯ ಬೆನ್ನು ಹತ್ತಿ: ದುಡ್ಡಿನ ತಾಣಕ್ಕಿಂತ ಫಿಬಿಸ್ಸೇ ವಾಸಿ

ಮೊದಲೇ ಹೇಳಿಬಿಡುತ್ತೇನೆ, ಬ್ರಿಟಿಷರ ಕಾಲದಲ್ಲಿ ಇಲ್ಲಿದ್ದ ಕುಟುಂಬಗಳ ದಾಖಲೆ ಪುಕ್ಕಟೆ ಹುಡುಕಲು ಬಿಡುವ ತಾಣ ಫಿಬಿಸ್, ನನ್ನ ಓಟು ಅದಕ್ಕೇ. ವಂಶಾವಳಿ ಹುಡುಕುವ ಒಂದು ಜಾಲತಾಣಕ್ಕೆ ಹತ್ತಿರ ಹನ್ನೊಂದು ಸಾವಿರ ಕಟ್ಟಿದ ಮೇಲೆ ಬಂದ ಬುದ್ಧಿ ಇದು. ನೀವು ಅಷ್ಟು ಸುರಿಯಬೇಕಿಲ್ಲ.

ಎರಡು ವರ್ಷದ ಹಿಂದೆ ಸಕಲೇಶಪುರದ ಕಡೆ ಏಳು ಎಕರೆ ಕಾಫಿ ತೋಟ ತಗೊಂಡೆ. ಹಿಂದೆ ದೊಡ್ಡ ಎಸ್ಟೇಟಾಗಿದ್ದು, ತುಂಡು ತುಂಡಾಗಿ ಮಾರಾಟವಾದ ಜಾಗ. ಮೂಲೆಯಲ್ಲಿ ಒಂದು ಸಿಲ್ವರ್ ಮರದ ಬುಡಕ್ಕೆ ಒರಗಿದ ಹಾಗೆ ಗೋರಿಕಲ್ಲು. ಪಾಚಿ ಕೆರೆದರೆ ಸಿಕ್ಕಿದ್ದು ಇಷ್ಟು: ಎಳೆ ಕೂಸು, ಗಂಡು, ಇಂಥವರ ಮಗ, ಅಡ್ಡಹೆಸರಿನ ಮೊದಲ ನಾಲ್ಕು ಅಕ್ಷರ, ಆಮೇಲೆ 187. ಇಸವಿಯ ಕೊನೆಯ ಅಂಕಿ ಸವೆದು ಹೋಗಿತ್ತು. ಆಳುಗಳೆಲ್ಲ ಅದನ್ನು ‘ದೊರೆ ಮಗಿನ ಗೋರಿ’ ಅಂತಲೇ ಕರೆಯುತ್ತಾರೆ. ದೊರೆ ಅಂದರೆ ಇಲ್ಲಿ ರಾಜನಲ್ಲ, ತೋಟದ ಬಿಳಿಯ. ಯಾವ ದೊರೆ ಅಂತ ಯಾರಿಗೂ ಗೊತ್ತಿಲ್ಲ.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುತ್ತಿದ್ದ ಹಳೇ ಪಲ್ಪರ್ ಮನೆಯಲ್ಲಿ ತುಕ್ಕು ಹಿಡಿದ ಯಂತ್ರವೊಂದಿದೆ. ಸ್ಕಾಟ್ಲೆಂಡಿನ ಆಬರ್ಡೀನ್‌ನ ಮೆಕಿನನ್ ಕಂಪನಿಯ ಹೆಸರು ಎರಕದಲ್ಲೇ ಮೂಡಿದೆ. ಅದನ್ನು ನೋಡಿದ್ದೇ ಪಕ್ಕದ ತೋಟದ ಗೌಡರು, “ಹಂಗಾರೆ ದೊರೆ ಆಬರ್ಡೀನೋನೇ ಬಿಡಿ” ಎಂದು ತೀರ್ಪು ಕೊಟ್ಟರು. ನಮ್ಮ ಮನೆಯ ಮಿಕ್ಸಿ ಎಲ್ಲಿಯದೋ ಅದೇ ನಮ್ಮೂರು ಅಂದಂಗಾಯಿತು. ಆದರೂ ಹುಡುಕಬೇಕು ಅನ್ನೋ ಹುಚ್ಚು ಹತ್ತಿದ್ದು ಆವತ್ತೇ.

ಮಂಜರಾಬಾದಿನ (ಸಕಲೇಶಪುರ ಸೀಮೆಯ ಹಳೇ ಹೆಸರು) ದೊರೆಗಳಲ್ಲಿ ರಾಬರ್ಟ್ ಎಲಿಯಟ್‌ನಂಥವನಾಗಿದ್ದರೆ ತೊಂದರೆಯೇ ಇರಲಿಲ್ಲ. 1850ರ ದಶಕದಲ್ಲಿ ಬಂದು ತೋಟ ಮಾಡಿ, 1871ರಲ್ಲಿ ಒಂದು, 1894ರಲ್ಲಿ ಒಂದು ಪುಸ್ತಕ ಬರೆದು, ಕಾಂಡಕೊರಕದ ಹುಳದಿಂದ ಹುಲಿಬೇಟೆವರೆಗೆ ಎಲ್ಲ ಹೇಳಿಟ್ಟು ಹೋದ. ನನ್ನ ದೊರೆ ಒಂದು ಸಾಲೂ ಬರೆದವನಲ್ಲ.

ದುಡ್ಡಿನ ತಾಣದ ಕಥೆ ಕೇಳಿ. ಹೆಸರು ಬೇಡ. ರಿಯಾಯಿತಿ ಇದೆ ಅಂತ ಇಡೀ ವರ್ಷಕ್ಕೆ ಕಟ್ಟಿದೆ. ಕಟ್ಟಿದ ಮೇಲೆ ಗೊತ್ತಾಯಿತು, ಅಗ್ಗದ ಪ್ಲಾನಿನಲ್ಲಿ ಇಂಗ್ಲೆಂಡಿನ ಜನಗಣತಿ ಮಾತ್ರ, ಇಂಡಿಯಾ ದಾಖಲೆಗೆ ಮೇಲಿನ ಪ್ಲಾನು. ಇನ್ನಷ್ಟು ಕಟ್ಟಿದೆ. ಮನೆಯವಳು, “ರೀ, ಯಾರೋ ಸತ್ತು ನೂರೈವತ್ತು ವರ್ಷ ಆಗಿರೋ ಮಗೂಗೆ ಇಷ್ಟು ದುಡ್ಡಾ?” ಅಂದಳು. ಉತ್ತರ ಇರಲಿಲ್ಲ.

ಹುಡುಕುವ ಕಡೆ ‘ಮೈಸೂರು’ ಅಂತ ಹಾಕಿದೆ. ಸೊನ್ನೆ. ‘ಹಾಸನ’ ಹಾಕಿದೆ. ಸೊನ್ನೆ. ಸಕಲೇಶಪುರವನ್ನು ಆ ಕಾಲದವರು ಬರೆಯುತ್ತಿದ್ದ ಹಾಗೆ ‘ಸಕ್ಲಾಸ್‌ಪುರ್’ ಅಂತಲೂ ಹಾಕಿ ನೋಡಿದೆ. ಮೂರು ಭಾನುವಾರ ಹೀಗೇ ಹೋಯಿತು. ಕಾರಣ ಆಮೇಲೆ ತಿಳಿಯಿತು. ಇಲ್ಲಿಯ ಪಾದ್ರಿಗಳು ಬರೆದ ದೀಕ್ಷಾಸ್ನಾನ, ಮದುವೆ, ಸಮಾಧಿಯ ಲೆಕ್ಕದ ನಕಲು ಪ್ರೆಸಿಡೆನ್ಸಿ, ಅಂದರೆ ಬ್ರಿಟಿಷರ ದೊಡ್ಡ ಪ್ರಾಂತದ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. ಈಗ ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ, ಪ್ರಾಂತಕ್ಕೊಂದು ಕಟ್ಟು: ಎನ್/1 ಬಂಗಾಳ, ಎನ್/2 ಮದ್ರಾಸ್, ಎನ್/3 ಬೊಂಬಾಯಿ. ಮೈಸೂರು ಮಹಾರಾಜರ ಸೀಮೆಯಾದರೇನು, ಕೊಡಗು ಬೇರೆ ಆಡಳಿತವಾದರೇನು, ಪಾದ್ರಿಗಳ ಲೆಕ್ಕದಲ್ಲಿ ಎರಡೂ ಮದ್ರಾಸಿಗೇ ಸೇರಿದವು. ನಮ್ಮ ಮಗು ‘ಮದ್ರಾಸ್’ ಅನ್ನುವ ಮೂಟೆಯೊಳಗೆ ಮಲಗಿತ್ತು.

ಸರಿ, ಜಾಗ ಬಿಟ್ಟು ಅಪ್ಪನ ಉದ್ಯೋಗ ‘ಪ್ಲಾಂಟರ್’ ಅಂತ ಹಾಕಿದರೆ? ಅದಕ್ಕೂ ಸಿಗಲಿಲ್ಲ. ಕೊನೆಗೆ ಮೂಲ ಪುಟದ ಚಿತ್ರ ತೆರೆದು ನೋಡಿದಾಗ ತಲೆ ಚಚ್ಚಿಕೊಳ್ಳುವಂತಾಯಿತು. ಪಾದ್ರಿಯ ಮೋಡಿ ಅಕ್ಷರದಲ್ಲಿ ‘ಪ್ಲಾಂಟರ್’ ಅನ್ನೋದು ಸೂಚಿ ಬರೆದುಕೊಂಡವರ ಕಣ್ಣಿಗೆ ‘ಪೇಂಟರ್’ ಆಗಿತ್ತು. ‘ಮಂಜರಾಬಾದ್’ ಹೋಗಿ ಉತ್ತರದ ‘ಮೊರಾದಾಬಾದ್’ ಆಗಿತ್ತು. ಸೂಚಿಯನ್ನು ನಂಬಿದರೆ ನನ್ನ ದೊರೆ ಗಂಗಾಬಯಲಿನಲ್ಲಿ ಗೋಡೆಗೆ ಬಣ್ಣ ಬಳಿಯುತ್ತಿದ್ದ! ಬರೆದುಕೊಂಡವರನ್ನು ಬೈಯಲಾರೆ, ದಿನಕ್ಕೆ ಎಷ್ಟು ನೂರು ಹೆಸರು ಓದಿದರೋ. ಆದರೆ ತಪ್ಪಾಗಿದೆ ಅಂತ ಬರೆದು ತಿಳಿಸಿ ಎಂಟು ತಿಂಗಳಾಯಿತು, ಪೇಂಟರ್ ಇನ್ನೂ ಪೇಂಟರೇ.

ಫಿಬಿಸ್ ಅಂದರೆ ಬ್ರಿಟಿಷ್ ಇಂಡಿಯಾದ ಕುಟುಂಬಗಳ ಜಾಡು ಹುಡುಕುವವರು 1998ರಲ್ಲಿ ಕಟ್ಟಿಕೊಂಡ ಸಂಘ. ಸದಸ್ಯರಾಗದೆಯೂ ಹುಡುಕಬಹುದು, ಕಾಸಿಲ್ಲ. ಬರೆದು ಸೇರಿಸುವವರೆಲ್ಲ ಸ್ವಯಂಸೇವಕರು. ಅವರದೇ ಅಜ್ಜ, ಮುತ್ತಜ್ಜ ಇಲ್ಲಿದ್ದವರು, ಹಾಗಾಗಿ ನೀಲಗಿರಿ ಯಾವುದು, ಕೊಡಗು ಯಾವುದು ಅಂತ ಗೊತ್ತಿರುವ ಕಣ್ಣು. ನಾನು ಮಾಡಿದ್ದು ಇಷ್ಟೇ: ಕಲ್ಲಿನ ಮೇಲಿದ್ದ ನಾಲ್ಕು ಅಕ್ಷರದಿಂದ ಶುರುವಾಗುವ ಅಡ್ಡಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಒಂದೊಂದಾಗಿ ಹಾಕುತ್ತಾ ಹೋದೆ. ಆರನೆಯದಕ್ಕೆ ಸಿಕ್ಕಿತು. ಸಮಾಧಿ ಅಲ್ಲ, ಅದಕ್ಕೂ ಮೊದಲು ಹುಟ್ಟಿದ ಅಕ್ಕನ ದೀಕ್ಷಾಸ್ನಾನ. ಪಕ್ಕದಲ್ಲೇ ಮೂಲದ ಸಂಪುಟ, ಪುಟದ ಸಂಖ್ಯೆ. ನನ್ನ ಪಾಲಿಗೆ ಚಿನ್ನ ಅದೇ. ಆ ಸಂಖ್ಯೆ ಹಿಡಿದುಕೊಂಡೇ ದುಡ್ಡಿನ ತಾಣಕ್ಕೆ ವಾಪಸ್ ಹೋಗಿ, ಹುಡುಕುವ ಪೆಟ್ಟಿಗೆ ಮುಟ್ಟದೆ, ಪುಟ ಪುಟ ತಿರುವಿದೆ. ಪೇಂಟರ್ ಸಿಕ್ಕಿದ್ದು ಆಗಲೇ.

ತಿರುವುವಾಗ ಕೆಲವು ಪುಟದಲ್ಲಿ ಕೈ ತಡೆಯುತ್ತದೆ. ಮಗುವಿನ ಹೆಸರಿದೆ, ಅಪ್ಪನ ಹೆಸರಿದೆ, ಅಮ್ಮನ ಜಾಗ ಖಾಲಿ, ಇಲ್ಲವೇ ‘ನೇಟಿವ್ ಹೆಂಗಸು’ ಅಂತ ಎರಡು ಪದ. ಅಂಥ ಮಕ್ಕಳ ಜಾಡು ಹಿಡಿಯಲು ಹೊರಟವರು ಇಲ್ಲಿ ನಾನು ಹೇಳುವ ಯಾವ ತಾಣವನ್ನೂ ಪೂರ್ತಿ ನಂಬಬೇಡಿ.

ಸಮಾಧಿಯ ದಾಖಲೆಯಲ್ಲಿ ‘ಯಾರು ಮಣ್ಣು ಮಾಡಿದರು’ ಅನ್ನೋ ಕಲಮು ಇರುತ್ತದೆ. ಸಾಮಾನ್ಯವಾಗಿ ಅಲ್ಲಿ ಪಾದ್ರಿಯ ಸಹಿ. ಇಲ್ಲಿ ಪಾದ್ರಿಯಲ್ಲ, ಇನ್ನೊಬ್ಬ ಪ್ಲಾಂಟರ್. ಮಳೆಗಾಲ, ಘಟ್ಟದ ಅಂಚು, ಪಾದ್ರಿ ಬರುವ ತನಕ ಕೂಸನ್ನು ಇಟ್ಟುಕೊಳ್ಳಲಾಗದೆ ಪಕ್ಕದ ತೋಟದವನೇ ಪ್ರಾರ್ಥನೆ ಓದಿ ಮುಗಿಸಿದ್ದಿರಬೇಕು. ಎಸ್ಟೇಟಿನ ಗಂಟು ಬಿಚ್ಚಿದ್ದು ಈ ಸಹಿಯಿಂದ. ಪಾದ್ರಿಗಳ ಪುಸ್ತಕದಲ್ಲಿ ತೋಟದ ಹೆಸರು ಬರುವುದು ಅಪರೂಪ, ಊರೋ ತಾಲೂಕೋ ಬರೆದು ಬಿಡುತ್ತಾರೆ. ತೋಟದ ಹೆಸರಿಗೆ ಮದ್ರಾಸಿನ ಅಸೈಲಂ ಪ್ರೆಸ್ ಆಲ್ಮನಾಕ್‌ನಂಥ ವಾರ್ಷಿಕ ಪಟ್ಟಿ ನೋಡಬೇಕು. ಮಣ್ಣು ಮಾಡಿದವನ ಹೆಸರು ಅಲ್ಲಿ ತೋಟದ ಸಮೇತ ಸಿಕ್ಕಿತು. ಅದು ಇವತ್ತು ಗೌಡರ ಕೈಯಲ್ಲಿರುವ ತೋಟ! ಹಾಗಾದರೆ ಅದರ ಪಕ್ಕದ್ದು ನಮ್ಮದು. ಮುಂದಿನ ಎರಡು ಮೂರು ವರ್ಷದ ಪಟ್ಟಿಯಲ್ಲಿ ನಮ್ಮ ದೊರೆಯ ಹೆಸರೂ ಬಂತು, ಮಾಲೀಕ ಅಂತಲ್ಲ, ಮ್ಯಾನೇಜರ್ ಅಂತ. ಊರೆಲ್ಲ ನೂರೈವತ್ತು ವರ್ಷದಿಂದ ದೊರೆ ಅಂದಿದ್ದು ಸಂಬಳದ ಮನುಷ್ಯನನ್ನು.

ಒಂದು ಎಚ್ಚರಿಕೆ. 1860ರ ದಶಕದ ಕೊನೆಯಲ್ಲಿ ಕೊಡಗು, ಮೈಸೂರು ಎರಡೂ ಕಡೆ ಕಾಂಡಕೊರಕ ಬಿದ್ದು ತೋಟಗಳು ಒಣಗಿದವು. ಮದ್ರಾಸ್ ಸರ್ಕಾರ ಡಾಕ್ಟರ್ ಬೈಡಿಯನ್ನು ಕಳಿಸಿ 1869ರಲ್ಲಿ ವರದಿಯನ್ನೇ ಮಾಡಿಸಿತು. ಆ ಹೊತ್ತಿಗೆ ಎಷ್ಟೋ ತೋಟ ಕೈ ಬದಲಾದವು. ಒಂದೇ ವರ್ಷದ ಪಟ್ಟಿ ನೋಡಿ ‘ಇವನೇ ಮಾಲೀಕ’ ಅಂದುಬಿಡಬೇಡಿ.

ಫ್ಯಾಮಿಲಿಸರ್ಚ್ ಕೂಡ ಪುಕ್ಕಟೆ, ಇಂಡಿಯಾದ ದೀಕ್ಷಾಸ್ನಾನಗಳ ಸೂಚಿ 1786ರಿಂದ 1947ರವರೆಗೆ ಇದೆ. ಹೆಸರು ಪೂರ್ತಿ ಗೊತ್ತಿದ್ದರೆ ಒಳ್ಳೆಯದು, ನನಗೆ ಗೊತ್ತಿರಲಿಲ್ಲ.

ದೊರೆ ಸ್ಕಾಟ್ಲೆಂಡಿನವನಾದರೆ ಸ್ಕಾಟ್ಲೆಂಡ್ಸ್‌ಪೀಪಲ್ ನೋಡಿ. ವರ್ಷದ ಚಂದಾ ಇಲ್ಲ, ಮೊದಲೇ ಕ್ರೆಡಿಟ್ ಕೊಂಡಿಟ್ಟುಕೊಂಡು, ತೆರೆದ ಪುಟಕ್ಕೆ ಇಷ್ಟು ಅಂತ ಖರ್ಚು ಮಾಡುವುದು. 1855ರಿಂದಾಚೆ ಅಲ್ಲಿಯ ಸರ್ಕಾರಿ ನೋಂದಣಿ ಇದೆ, ಅಮ್ಮನ ತವರಿನ ಅಡ್ಡಹೆಸರೂ ಇರುತ್ತದೆ. ಬೇಕಾದಷ್ಟಕ್ಕೆ ಕಾಸು, ನನ್ನಂಥವನಿಗೆ ಹೇಳಿ ಮಾಡಿಸಿದ್ದು. ಅಂದಹಾಗೆ ನಮ್ಮ ದೊರೆ ಹುಟ್ಟಿದ್ದು ಆಬರ್ಡೀನ್‌ಶೈರ್‌ನಲ್ಲೇ. ಗೌಡರಿಗೆ ಇನ್ನೂ ಹೇಳಿಲ್ಲ.

ಇನ್ನು ಸಬ್ ರಿಜಿಸ್ಟ್ರಾರ್ ಕಚೇರಿ. ಸರ್ಕಾರದ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಆಸ್ತಿಯ ಋಣಭಾರ ಪತ್ರ) ಸಿಗುವುದು 2004ರಿಂದ ಈಚೆಗೆ, ಅದರ ಹಿಂದಿನದಕ್ಕೆ ಅರ್ಜಿ ಕೊಟ್ಟು ಪುಸ್ತಕ ತೆಗೆಸಬೇಕು. ಹೆಸರಿನ ಸೂಚಿ ಒಂದು, ಆಸ್ತಿಯ ಸೂಚಿ ಇನ್ನೊಂದು. ನಾನು ಹೆಸರು ಹೇಳಿದೆ. ಗುಮಾಸ್ತರು ಕನ್ನಡಕ ತೆಗೆದು, “ಸಾರ್, ದೊರೆ ಹೆಸರೆಲ್ಲ ಬ್ಯಾಡ, ಸರ್ವೆ ನಂಬರ್ ಹೇಳಿ” ಅಂದರು. ನಂಬರ್ ಹಿಡಿದು ಕ್ರಯಪತ್ರದಿಂದ ಕ್ರಯಪತ್ರಕ್ಕೆ ಹಿಂದೆ ಹಿಂದೆ ಹೋದರೆ 1950ರ ದಶಕದವರೆಗೆ ಸರಪಳಿ ಸಿಕ್ಕಿತು. ಅದಕ್ಕೂ ಹಿಂದಕ್ಕೆ ಹೋದರೆ, ಪೋಡಿಯಾಗಿ (ಜಮೀನು ಅಳೆದು ಭಾಗವಾಗಿ) ನಂಬರೇ ಬೇರೆ. ತೋಟದ ಕಥೆ ಬೇಕಾದವರಿಗೆ ಇದರ ಬದಲಿಗೆ ಬೇರೆ ಇಲ್ಲ. ಮನೆತನದ ಕಥೆ ಬೇಕಾದವರಿಗೆ ಬಸ್ ಚಾರ್ಜು ದಂಡ.

ನನಗೆ ಸಿಗುವುದು ಭಾನುವಾರದ ಅರ್ಧ ದಿನ. ತೋಟದಲ್ಲಿ ನೆಟ್‌ವರ್ಕ್ ಕಣದ ಕಟ್ಟೆ ಮೇಲೆ ನಿಂತರೆ ಮಾತ್ರ. ಇನ್ನೊಂದು ಸಲ ಮಾಡುವುದಾದರೆ ಎರಡು ತಿಂಗಳು ಫಿಬಿಸ್ ಮತ್ತು ಆಲ್ಮನಾಕ್, ಸಂಪುಟ, ಪುಟದ ಸಂಖ್ಯೆ ಎಲ್ಲ ಒಂದು ನೋಟ್‌ಬುಕ್ಕಿಗೆ, ಆಮೇಲೆ ದುಡ್ಡಿನ ತಾಣಕ್ಕೆ ಒಂದೇ ತಿಂಗಳ ಚಂದಾ. ಚಂದಾ ತಾನಾಗಿ ನವೀಕರಣವಾಗುವ ಗುಂಡಿಯನ್ನು ಕಟ್ಟಿದ ದಿನವೇ ಆಫ್ ಮಾಡಿ. ನಾನು ಮರೆತಿದ್ದೆ. ಎರಡನೇ ವರ್ಷದ ದುಡ್ಡು ಕಾರ್ಡಿನಿಂದ ಹೋಗಿ, ವಾಪಸ್ ಬರಲು ಹನ್ನೆರಡು ಮೇಲ್ ಬರೆಯಬೇಕಾಯಿತು.

ದಾಖಲೆಯಲ್ಲಿ ಇಸವಿ 1874. ಆವತ್ತು ರಾತ್ರಿ ಟಾರ್ಚ್ ತಗೊಂಡು ಹೋಗಿ ಕಲ್ಲಿಗೆ ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟೆ. ಸವೆದಿದ್ದ ಜಾಗದಲ್ಲಿ ನಾಲ್ಕರ ಉದ್ದ ಗೀಟು ಕೂದಲೆಳೆಯಷ್ಟು ಕಂಡಿತು.