ಒಂಬತ್ತು ಮಳೆಗಾಲ ಕಂಡ ನಮ್ಮ ಪೌಡರ್ ಕೋಟಿಂಗ್ ಕಿಟಕಿಗಳು

ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆಗೆ 2016ರ ಫೆಬ್ರುವರಿಯಲ್ಲಿ ಏಳು ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ ಹಾಕಿಸಿದೆವು. ಕಾಫಿ ಬಣ್ಣದ ಪಾಲಿಯೆಸ್ಟರ್ ಪೌಡರ್ ಕೋಟಿಂಗ್, ಅಂದರೆ ಒಣ ಬಣ್ಣದ ಪುಡಿ ಹೊಡೆದು ಓವನ್ನಿನಲ್ಲಿ ಕಾಯಿಸಿ ಕೂರಿಸಿದ ಪದರ. ಒಂಬತ್ತು ಮಳೆಗಾಲ ಕಳೆದವು. ಐದು ಕಿಟಕಿ ಇವತ್ತಿಗೂ ಗಟ್ಟಿಯಾಗಿವೆ. ಉಳಿದೆರಡರ ಕಥೆ ಬೇರೆ.

ಪಡುವಣ ಕಿಟಕಿಗೆ ಮಧ್ಯಾಹ್ನದಿಂದ ಸಂಜೆವರೆಗೆ ನೆಟ್ಟಗೆ ಬಿಸಿಲು. ಆರನೇ ವರ್ಷಕ್ಕೆ ಹೊಳಪು ಹೋಯಿತು. ಬೆರಳಾಡಿಸಿದರೆ ಸೀಮೆಸುಣ್ಣ ಮುಟ್ಟಿದ ಹಾಗೆ ಪುಡಿ. ಗದಗಿನಿಂದ ಬಂದಿದ್ದ ಅತ್ತೆ, "ಏನೋ ತಮ್ಮಾ, ಕಿಟಕಿಗೂ ಸುಣ್ಣಾ ಹಚ್ಚೀಯೇನು?" ಅಂದರು. ಇದಕ್ಕೆ ಚಾಕಿಂಗ್ ಅಂತಾರೆ. ಬಿಸಿಲಿನ ಅಲ್ಟ್ರಾವಯಲೆಟ್ ಕಿರಣಕ್ಕೆ ಮೇಲಿನ ರೆಸಿನ್ (ಬಣ್ಣ ಹಿಡಿದಿಡುವ ಅಂಟು) ಒಡೆದು, ಬಣ್ಣದ ಕಣಗಳ ಹಿಡಿತ ಸಡಿಲವಾಗುತ್ತದೆ. ಇದರಲ್ಲಿ ಅಂಗಡಿಯವರ ತಪ್ಪೇನಿಲ್ಲ. ನಾನೇ ಅಗ್ಗದ ಗ್ರೇಡ್ ಆರಿಸಿದ್ದೆ.

ಅಡುಗೆಮನೆ ಕಿಟಕಿಯದ್ದು ಮಾತ್ರ ಶುದ್ಧ ಮೋಸ. ಅದಕ್ಕೆ ಆಮೇಲೆ ಬೇರೆ ಕಡೆ ಮತ್ತೆ ಕೋಟಿಂಗ್ ಮಾಡಿಸಿ ತಂದಿದ್ದೆ. ಎರಡನೇ ಮಳೆಗಾಲಕ್ಕೇ ಮೂಲೆಯ ಜಾಯಿಂಟಿನಲ್ಲಿ ಹಪ್ಪಳದ ಹಾಗೆ ಉಬ್ಬಿತು. ಉಗುರು ಹಾಕಿದೆ, ಬೆರಳುದ್ದದ ಪದರ ಒಂದೇ ಸಲಕ್ಕೆ ಎದ್ದು ಬಂತು. ಕೆಳಗೆ ಅಲ್ಯೂಮಿನಿಯಂ ಫಳಫಳ. ಕೇಳಲು ಹೋದರೆ ಆ ಕೋಟಿಂಗ್‌ನವರು ದಪ್ಪ ಅಳೆಯುವ ಗೇಜ್ ಇಟ್ಟು ತೋರಿಸಿದರು: 85 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು)! ಸಾಮಾನ್ಯವಾಗಿ 60ರಿಂದ 80 ಇದ್ದರೆ ಸಾಕು. ದಪ್ಪಕ್ಕೆ ಕೊರತೆ ಇರಲಿಲ್ಲ, ಹಿಡಿತವೇ ಇರಲಿಲ್ಲ. ಪೌಡರ್ ಹೊಡೆಯುವ ಮೊದಲು ಎಣ್ಣೆ ಜಿಡ್ಡು ತೆಗೆದು, ತೊಳೆದು, ರಾಸಾಯನಿಕ ಪದರ ಕೊಟ್ಟು, ಒಣಗಿಸಬೇಕು. ಸುಮ್ನೆ ಅರಿವೆಯಲ್ಲಿ ಒರೆಸಿ ಓವನ್ನಿಗೆ ತಳ್ಳಿದರೆ ಹೀಗೇ ಆಗೋದು. ಈಗ ನಾನು ಯಾವ ಕೋಟಿಂಗ್ ಘಟಕಕ್ಕೆ ಹೋದರೂ ಕಲರ್ ಕಾರ್ಡ್ ಆಮೇಲೆ, ಮೊದಲು ತೊಳೆಯುವ ತೊಟ್ಟಿ ತೋರಿಸಿ ಅಂತೀನಿ.

ಪಡುವಣ ಕಿಟಕಿಗೆ 2022ರಲ್ಲಿ ಸೂಪರ್ ಡ್ಯೂರಬಲ್ ಪಾಲಿಯೆಸ್ಟರ್, ಅಂದರೆ ಬಿಸಿಲು ಹೆಚ್ಚು ತಾಳುವ ಗ್ರೇಡ್, ಹೊಡೆಸಿದೆ. ದುಡ್ಡು ಜಾಸ್ತಿ ಆಯಿತು, ಆದರೆ ಇನ್ನೂ ಪುಡಿ ಬಂದಿಲ್ಲ. ಗ್ರೇಡ್ ಕೇಳುವಾಗ ಅಮೆರಿಕದ ಎಎಎಂಎ (ಕಿಟಕಿ-ಬಾಗಿಲು ತಯಾರಕರ ಸಂಘದ ಗುಣಮಟ್ಟ) ನಂಬರ್ ನೆನಪಿರಲಿ. 2603ಕ್ಕೆ ಫ್ಲಾರಿಡಾ ಬಿಸಿಲಲ್ಲಿ 1 ವರ್ಷದ ಪರೀಕ್ಷೆ, 2604ಕ್ಕೆ 5, 2605ಕ್ಕೆ 10. ಪಿವಿಡಿಎಫ್ ಅನ್ನೋ ಫ್ಲೋರಿನ್ ಇರುವ ರೆಸಿನ್ನಿನ ಕೋಟಿಂಗ್ ಬರುವುದು ಈ ಕೊನೆಯದರಲ್ಲಿ. ಮನೆ ಕಿಟಕಿಗೆ ಅಷ್ಟೆಲ್ಲಾ ಬೇಕಿಲ್ಲ ಅನ್ನೋದು ನನ್ನ ಲೆಕ್ಕ.

ತೊಳೆಯಲು ಸೋಪಿನ ನೀರು, ಮೆತ್ತನೆ ಅರಿವೆ ಸಾಕು. ಥಿನ್ನರ್, ಬಾತ್‌ರೂಮ್ ಆಸಿಡ್ ಹತ್ತಿರ ತರಬೇಡಿ. ನಮ್ಮ ಊರಿನ ಧೂಳು ಗೊತ್ತಲ್ಲ, ಮಳೆಗೆ ಮುಂಚೆ ಟ್ರ್ಯಾಕಿನಲ್ಲಿ ನೀರು ಹರಿದುಹೋಗುವ ತೂತು ಬಿಡಿಸಿಕೊಳ್ಳಿ.

ಇನ್ನೊಂದು. ಕಿಟಕಿ ಕೂರಿಸಿದ ಮೇಲೆ ಗೌಂಡಿಗಳು ಗಿಲಾವು ಮಾಡಿದ್ದರು. ಹಸಿ ಸಿಮೆಂಟ್ ಕ್ಷಾರ, ಕೂತಲ್ಲಿ ಕೋಟಿಂಗ್ ತಿನ್ನುತ್ತದೆ. ಪಡಸಾಲೆ ಕಿಟಕಿಯ ಮೇಲೆ ನಾಣ್ಯದಗಲದ ಕಲೆ ಇನ್ನೂ ಇದೆ. ಈಗ ಮಾಳಿಗೆ ಮೇಲೆ ಕೋಣೆ ಏಳುತ್ತಿದೆ. ಗಿಲಾವು ಮುಗಿದು ಗೋಡೆ ಒಣಗುವವರೆಗೆ ಕಿಟಕಿ ತರಬೇಡಿ ಅಂತ ಹೇಳಿಟ್ಟಿದ್ದೇನೆ.