ಕೊಪ್ಪಳದಲ್ಲಿ ಕೂತು ಅರ್ಜಿ ಹಾಕುವವರಿಗೆ: ಎಚ್‌ಕೆನಾ, ನಾನ್ ಎಚ್‌ಕೆನಾ?

ಪ್ರತಿ ಸರ್ಕಾರಿ ನೇಮಕಾತಿಗೂ ನಮ್ಮ ಹುಡುಗರದ್ದು ಇದೇ ಗೊಂದಲ.

ಎಚ್‌ಕೆ ಅಂದ್ರೆ ಹೈದರಾಬಾದ್-ಕರ್ನಾಟಕ, ಈಗಿನ ಕಲ್ಯಾಣ ಕರ್ನಾಟಕ; ನಮ್ಮ ಭಾಗದ ಸ್ಥಳೀಯ ವೃಂದ, ಅಂದ್ರೆ ಇಲ್ಲಿನ ಹುದ್ದೆಗಳ ಗುಂಪು. ಸಂವಿಧಾನದ 2012ರ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಫಲ ಇದು. ಇಲ್ಲಿ ಸ್ಥಳೀಯರಿಗೆ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 80, ಗ್ರೂಪ್ ಡಿಯಲ್ಲಿ ಶೇ. 85 ಮೀಸಲು. ಉಳಿದದ್ದಕ್ಕೆ ಯಾರು ಬೇಕಾದರೂ ಪೈಪೋಟಿ ಮಾಡಬಹುದು, ನೀವೂ ಸೇರಿ. ಆದರೆ ಕೆಲಸ ಸಾಮಾನ್ಯವಾಗಿ ಬೀದರ್‌ನಿಂದ ಬಳ್ಳಾರಿವರೆಗಿನ ಜಿಲ್ಲೆಗಳಲ್ಲೇ. ಊರು ಬಿಡೋಕೆ ಮನಸ್ಸಿಲ್ಲದವರಿಗೆ ಇದು ವರವೇ ಅಲ್ವಾ?

ನಾನ್ ಎಚ್‌ಕೆ ಅಂದ್ರೆ ಈ ಭಾಗದ ಹೊರಗಿನ ಹುದ್ದೆಗಳು. ಅದರಲ್ಲಿ ಬೆಂಗಳೂರಿನ ರಾಜ್ಯಮಟ್ಟದ ಕಚೇರಿಗಳಲ್ಲಿ ನಮಗಿರೋದು ಶೇ. 8 ಮಾತ್ರ. ಪಾಲು ಸಣ್ಣದು, ಪೈಪೋಟಿ ಜಾಸ್ತಿ. ಸಚಿವಾಲಯದಲ್ಲೇ ಕೆಲಸ ಮಾಡಬೇಕು ಅನ್ನುವವರು ಹಾಕಲಿ.

ಜಾತಿ ಮೀಸಲಾತಿ ಇದರಿಂದ ಹೋಗಲ್ಲ, ಸ್ಥಳೀಯ ಕೋಟಾದ ಒಳಗೂ ಅದು ಇರುತ್ತದೆ. ಇದು ಗೊತ್ತಿಲ್ಲದೆ ಸುಮ್ನೆ ಹೆದರುವವರು ಬಹಳ.

ನನ್ನ ಕೇಳಿದರೆ ಮೊದಲು ಎಚ್‌ಕೆ. ಅದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರ ಕೊಡೋದು ಉಪವಿಭಾಗದ ಸಹಾಯಕ ಆಯುಕ್ತರು, ತಹಶೀಲ್ದಾರರಲ್ಲ. ಅರ್ಜಿಯ ಕೊನೆ ದಿನಕ್ಕೆ ಮುಂಚೆಯೇ ಅದನ್ನು ಕೈಯಲ್ಲಿ ಇಟ್ಟುಕೊಳ್ಳಿ, ಹೆಸರಿನ ಅಕ್ಷರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹಾಗೇ ಇದೆಯಾ ನೋಡಿಕೊಳ್ಳಿ.